ರಾತ್ರಿ ಬೀದಿಯಲ್ಲಿ ನಿಲ್ಲುವ ಬೈಕಿಗೆ ಕಾವಲು

ಬೆಂಗಳೂರಿನ ಎಷ್ಟೋ ಬೈಕುಗಳಿಗೆ ರಾತ್ರಿ ತಂಗಲು ಸ್ವಂತ ಜಾಗವಿಲ್ಲ. ಬಿಟಿಎಂ ಲೇಔಟಿನ ಪಿ.ಜಿ.ಗಳ ಮುಂದೆ ಒಂದಕ್ಕೊಂದು ತಾಗಿಕೊಂಡು ನಿಲ್ಲುತ್ತವೆ, ರಾಜಾಜಿನಗರದ ಹಳೇ ಮನೆಗಳ ಮುಂದೆ ಮೋರಿ ಚಪ್ಪಡಿಯ ಮೇಲೆ ನಿಲ್ಲುತ್ತವೆ. ಹ್ಯಾಂಡಲ್ ಲಾಕ್ ಹಾಕಿ, ಕೀ ಜೇಬಿಗೆ ಇಳಿಸಿದರೆ ಮುಗಿಯಿತು ಎಂದುಕೊಂಡು ಮಲಗುವವರೇ ಹೆಚ್ಚು. ಆ ಹ್ಯಾಂಡಲ್ ಲಾಕಿನೊಳಗೆ ಇರುವುದು ಒಂದು ಗಿಡ್ಡ ಪಿನ್ನು. ಕೀ ತಿರುಗಿಸಿದಾಗ ಅದು ಹೊರಬಂದು ಚಾಸಿಯ ಕುತ್ತಿಗೆಯ ಹತ್ತಿರದ ಒಂದು ಕಚ್ಚಿನಲ್ಲಿ ಕೂರುತ್ತದೆ. ಲಾಕಿನ ಮೈ ಸಾಮಾನ್ಯವಾಗಿ ಎರಕದ ಲೋಹ. ಹ್ಯಾಂಡಲ್ ಉದ್ದವಾದ ಸನ್ನೆಕೋಲಿನಂತೆ ಕೆಲಸ ಮಾಡುವುದರಿಂದ, ಅದರ ತುದಿಗೆ ಜೋರಾಗಿ ಒದ್ದ ಬಲವೆಲ್ಲ ಹಲವು ಪಟ್ಟಾಗಿ ಆ ಪಿನ್ನಿನ ಮೇಲೇ ಬೀಳುತ್ತದೆ. ಮುರಿಯಲು ನಿಮಿಷ ಬೇಡ.

ಕಳ್ಳನಿಗೆ ಬೈಕ್ ಸಿಗುವುದು ಮೂರು ದಾರಿಯಲ್ಲಿ: ತಳ್ಳಿಕೊಂಡು ಹೋಗುವುದು, ಕೀ ಇಲ್ಲದೆ ವೈರುಗಳನ್ನೇ ನೇರ ಜೋಡಿಸಿ (ವೈರ್ ಡೈರೆಕ್ಟ್ ಮಾಡಿ) ಸ್ಟಾರ್ಟ್ ಮಾಡುವುದು, ಇಬ್ಬರು ಮೂವರು ಸೇರಿ ಎತ್ತಿ ಟೆಂಪೋಗೆ ಹಾಕುವುದು. ಬ್ರೇಕ್ ಡಿಸ್ಕಿನ ತೂತಿಗೆ ಹಾಕುವ ಡಿಸ್ಕ್ ಲಾಕ್ ಮೊದಲನೆಯದನ್ನು ತಡೆಯುತ್ತದೆ, ಮರೆಯಲ್ಲಿ ಕೂರಿಸಿ ಎಂಜಿನ್ ತಡೆಯುವ ಗುಟ್ಟಿನ ಸ್ವಿಚ್ ಎರಡನೆಯದನ್ನು. ಮೂರನೆಯದನ್ನು ತಡೆಯುವುದು ಕದಲದ ವಸ್ತುವಿಗೆ ಬಿಗಿದ ಸರಪಳಿ ಒಂದೇ. ಅಲಾರಂ ಏನನ್ನೂ ತಡೆಯುವುದಿಲ್ಲ, ಸುದ್ದಿ ಮುಟ್ಟಿಸುತ್ತದೆ ಅಷ್ಟೆ. ದುಡ್ಡು ಸ್ವಲ್ಪವೇ ಇದ್ದರೆ ಮೊದಲು ಸರಪಳಿಗೆ ಹಾಕಿ, ಆಮೇಲೆ ಡಿಸ್ಕ್ ಲಾಕಿಗೆ, ಕೊನೆಗೆ ಅಲಾರಂಗೆ.

ಸರಪಳಿ ಮತ್ತು ಬೀಗ

ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ 6 ಅಥವಾ 8 ಎಂಎಂ ಸತುವಿನ ಲೇಪದ ಸರಪಳಿ ಮೆದು ಕಬ್ಬಿಣದ್ದು. 24 ಇಂಚಿನ ಬೋಲ್ಟ್ ಕಟರ್ ಅದನ್ನು ಒಂದೇ ಅದುಮಿಗೆ ಕತ್ತರಿಸುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಕೇಬಲ್ ಲಾಕ್ ನೋಡಲು ಹೆಬ್ಬೆರಳಿನಷ್ಟು ದಪ್ಪ ಕಂಡರೂ ಒಳಗಿರುವುದು ಕೂದಲಿನಂಥ ತಂತಿಗಳ ಹುರಿ. ಅದು ಹೆಲ್ಮೆಟ್ ಕಟ್ಟಲು ಸಾಕು, ಗಾಡಿ ಕಟ್ಟಲು ಬೇಡ.

ನಿಮಗೆ ಬೇಕಾದದ್ದು ಹದ ಮಾಡಿ ಗಟ್ಟಿಗೊಳಿಸಿದ ಉಕ್ಕಿನ ಸರಪಳಿ, ಕೊಂಡಿಯ ದಪ್ಪ ಕನಿಷ್ಠ 13 ಎಂಎಂ. 16 ಎಂಎಂ ಆದರೆ ಕೈಯಲ್ಲಿ ಹಿಡಿಯುವ ಕಟರ್‌ಗಳಿಗೆ ಸುಲಭಕ್ಕೆ ಬಗ್ಗದು. ಅಂಗಡಿಯವರ ಮಾತು ನಂಬಬೇಕಿಲ್ಲ, ಒಂದು ಸಣ್ಣ ಅರ ಜೊತೆಗೆ ಒಯ್ಯಿರಿ. ಕೊಂಡಿಯ ಮೂಲೆಯಲ್ಲಿ ಎರಡು ಸಲ ಉಜ್ಜಿ ನೋಡಿ. ಮೆದು ಕಬ್ಬಿಣವಾದರೆ ಅರ ಕಚ್ಚಿಕೊಂಡು ಹೊಳೆಯುವ ಗೀರು ಬೀಳುತ್ತದೆ, ಬೆರಳಿಗೆ ಪುಡಿ ಅಂಟುತ್ತದೆ. ಗಟ್ಟಿ ಉಕ್ಕಾದರೆ ಅರ ಗಾಜಿನ ಮೇಲೆ ಜಾರಿದಂತೆ ಕಿರ್ರೆಂದು ಜಾರುತ್ತದೆ, ಲೇಪ ಮಾತ್ರ ಸವೆದೀತು. ಹೊರದೇಶದ ಲಾಕ್ ಕೊಳ್ಳುವುದಾದರೆ ಪೊಟ್ಟಣದ ಮೇಲೆ ಬ್ರಿಟನ್ನಿನ ಸೋಲ್ಡ್ ಸೆಕ್ಯೂರ್ ಗುರುತಿನಲ್ಲಿ ಗೋಲ್ಡ್ ಅಥವಾ ಡೈಮಂಡ್ ದರ್ಜೆ ಇದೆಯೇ ನೋಡಿ. ನೆದರ್‌ಲ್ಯಾಂಡ್ಸ್‌ನ ಎಆರ್‌ಟಿ ಗುರುತಾದರೆ ನಾಲ್ಕು ನಕ್ಷತ್ರ ಬೇಕು. ಎರಡು ನಕ್ಷತ್ರದ್ದು ಸೈಕಲ್ಲಿಗೆ.

ಸರಪಳಿ ಎಷ್ಟೇ ಗಟ್ಟಿಯಿದ್ದರೂ ಬೀಗದ ಕೊಂಡಿ 8 ಎಂಎಂ ಇದ್ದರೆ ಕತ್ತರಿ ಬೀಳುವುದು ಅಲ್ಲಿಗೇ. ಬೀಗದ ಕೊಂಡಿಯೂ 12 ಎಂಎಂಗೆ ಕಡಿಮೆ ಇರಬಾರದು. ಹಾಕಿದ ಮೇಲೆ ಕೊಂಡಿ ಹೊರಗೆ ಬೆರಳು ತೂರುವಷ್ಟೂ ಕಾಣಬಾರದು, ಕೊಂಡಿಯ ಎರಡೂ ಬದಿಗೆ ಬೀಗದ ಮೈ ಎದ್ದು ನಿಂತು ಅದನ್ನು ಮರೆಮಾಡುವ ಬೀಗ ಅದಕ್ಕೇ ಒಳ್ಳೆಯದು.

13 ಎಂಎಂ ಸರಪಳಿ ಮೀಟರಿಗೆ ಮೂರೂವರೆಯಿಂದ ನಾಲ್ಕು ಕೆಜಿ ತೂಗುತ್ತದೆ. ದಿನಾ ಹೊತ್ತು ತಿರುಗಲಾಗದು, ತಿರುಗಲೂ ಬೇಡ. ಒಂದೂವರೆ ಮೀಟರಿನದ್ದನ್ನು ಮನೆಯಲ್ಲೇ, ಬೈಕ್ ಮಲಗುವ ಜಾಗದಲ್ಲಿ ಬಿಡಿ. ಹೊರಗೆ ಹೋದಾಗ ಡಿಸ್ಕ್ ಲಾಕ್ ಸಾಕು.

ಕಟ್ಟುವ ರೀತಿಯಲ್ಲೇ ಹೆಚ್ಚಿನವರು ತಪ್ಪುವುದು. ಮುಂದಿನ ಚಕ್ರಕ್ಕೆ ಮಾತ್ರ ಸುತ್ತಿದರೆ ಆಕ್ಸಲ್ ನಟ್ ಬಿಚ್ಚಿ ಚಕ್ರವನ್ನು ನಿಮಗೆ ಬಿಟ್ಟು ಉಳಿದ ಗಾಡಿಯನ್ನು ಒಯ್ಯಬಹುದು. ಸರಪಳಿ ಹಿಂದಿನ ಚಕ್ರದ ಕಡ್ಡಿಗಳ ನಡುವೆ ತೂರಿ, ಆ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮನ್ನಾಗಲಿ ಚಾಸಿಯ ಪೈಪನ್ನಾಗಲಿ ಸುತ್ತಿ ಬರಬೇಕು. ನೆಲಕ್ಕೆ ತಾಗಿಸಬೇಡಿ. ಸರಪಳಿ ನೆಲದಲ್ಲಿ ಬಿದ್ದಿದ್ದರೆ ಕಟರಿನ ಒಂದು ಹಿಡಿಯನ್ನು ನೆಲಕ್ಕೂರಿ ಇನ್ನೊಂದರ ಮೇಲೆ ಮೈಭಾರವೆಲ್ಲ ಹಾಕಬಹುದು. ಸಡಿಲ ಬಿಡದೆ, ಚಕ್ರದ ಅರ್ಧ ಎತ್ತರದಲ್ಲಿ ಬಿಗಿಯಿರಿ, ಬೀಗದ ಕೀಲಿ ತೂತು ಕೆಳಮುಖವಾಗಿರಲಿ. ಮಳೆ ನೀರು ಒಳಗಿಳಿಯುವುದಿಲ್ಲ, ಸುತ್ತಿಗೆಗೂ ಆಸರೆ ಸಿಗುವುದಿಲ್ಲ.

ಯಾವುದಕ್ಕೆ ಕಟ್ಟುವುದು

ಬೆಸ್ಕಾಂ ಕಂಬಕ್ಕೆ ಕಟ್ಟಬೇಡಿ. ಮಳೆಗಾಲದಲ್ಲಿ ಕಂಬಕ್ಕೆ ಕರೆಂಟ್ ಇಳಿದರೆ ಸರಪಳಿ, ಬೈಕು, ಮುಟ್ಟಿದ ಕೈ ಎಲ್ಲಕ್ಕೂ ಹರಿಯುತ್ತದೆ. ಪಾಲಿಕೆಯವರು ನೆಟ್ಟ ಗಿಡ ಬೇಡ: ಕಾಂಡ ಕೊಯ್ಯುವುದು ಸುಲಭ, ಸರಪಳಿ ಉಜ್ಜಿ ತೊಗಟೆಯೂ ಹೋಗುತ್ತದೆ. ಕಬ್ಬಿಣದ ಗೇಟಿಗೆ ಕಟ್ಟುವ ಮೊದಲು ಗೇಟನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿ ನೋಡಿ. ಹಳೇ ಗೇಟುಗಳು ಕೀಲಿನ ಮೊಳೆಯಿಂದ ಹಾಗೇ ಎದ್ದು ಬರುತ್ತವೆ. ಬಂದರೆ ಮೇಲಿನ ಕೀಲಿನ ತಲೆಗೆ ಒಂದು ಬಿಲ್ಲೆ ವೆಲ್ಡ್ ಮಾಡಿಸಿ.

ಪಿ.ಜಿ. ಮುಂದೆ ಬೇರೆ ದಾರಿಯಿಲ್ಲದಿದ್ದರೆ ಪಕ್ಕದ ಇನ್ನೊಬ್ಬರ ಜೊತೆ ಮಾತಾಡಿಕೊಂಡು ಎರಡು ಬೈಕುಗಳ ಹಿಂದಿನ ಚಕ್ರಗಳನ್ನು ಒಂದೇ ಸರಪಳಿಯಲ್ಲಿ ಬಿಗಿಯಿರಿ. ಇನ್ನೂರೈವತ್ತು ಕೆಜಿಗೂ ಮಿಕ್ಕ ಜೋಡಿಯನ್ನು ಎತ್ತುವುದು ಕಷ್ಟ. ಇಬ್ಬರ ಹತ್ತಿರವೂ ಕೀ ಇರಬೇಕು, ಇಲ್ಲದಿದ್ದರೆ ಬೆಳಗಿನ ಶಿಫ್ಟಿನವರು ಜಗಳಕ್ಕೆ ನಿಲ್ಲುತ್ತಾರೆ.

ಸ್ವಂತ ಕಾಂಪೌಂಡ್ ಇದ್ದವರು ನೆಲದಲ್ಲಿ ಒಂದು ಕೊಂಡಿ ಹಾಕಿಸುವುದೇ ಎಲ್ಲಕ್ಕಿಂತ ಗಟ್ಟಿ. ಒಂದು ದಿನದ ಕೆಲಸ. ಮೊದಲು ಸಂಪ್ ಎಲ್ಲಿದೆ, ಕಾವೇರಿ ನೀರಿನ ಪೈಪು, ಚರಂಡಿ ಪೈಪು ಎಲ್ಲಿ ಹಾದಿದೆ ಎಂದು ಗುರುತು ಮಾಡಿ. ಬೆಂಗಳೂರಿನ ಮನೆಗಳಲ್ಲಿ ಸಂಪ್ ಸಾಮಾನ್ಯವಾಗಿ ಕಾರ್ ನಿಲ್ಲಿಸುವ ಜಾಗದ ಕೆಳಗೇ ಇರುತ್ತದೆ, ಅದರ ಸ್ಲ್ಯಾಬಿಗೆ ಡ್ರಿಲ್ ಹಾಕಿದರೆ ನೀರಿಗೆ ದಾರಿ ಮಾಡಿಕೊಟ್ಟಂತೆ. ಕಲ್ಲು ಚಪ್ಪಡಿಯ ನೆಲವಾದರೆ ಚಪ್ಪಡಿಗೇ ಆ್ಯಂಕರ್ ಬೋಲ್ಟ್ ಹೊಡೆಯುವುದು ದಂಡ. ಚಪ್ಪಡಿ ಮಣ್ಣಿನ ಮೇಲೆ ಸುಮ್ಮನೆ ಕೂತಿರುತ್ತದೆ, ಹಾರೆಯಿಂದ ಮೀಟಿದರೆ ಬೋಲ್ಟಿನ ಸಮೇತ ಏಳುತ್ತದೆ.

ಚಪ್ಪಡಿ ತೆಗೆಸಿ ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಗುಂಡಿ ತೋಡಿಸಿ. ಒಂದು, ಎರಡು, ನಾಲ್ಕರ ಲೆಕ್ಕದಲ್ಲಿ ಸಿಮೆಂಟ್ ಸುಮಾರು 30 ಕೆಜಿ, ಎಂ-ಸ್ಯಾಂಡ್ ಒಂದೂವರೆ ಘನ ಅಡಿ, 20 ಎಂಎಂ ಜಲ್ಲಿ ಮೂರು ಘನ ಅಡಿ, ನೀರು ಸುಮಾರು 15 ಲೀಟರ್. ಸರಾಗವಾಗಿ ಸುರಿಯಲಿ ಎಂದು ಮೇಸ್ತ್ರಿ ನೀರು ಹೆಚ್ಚು ಬೆರೆಸಲು ನೋಡುತ್ತಾರೆ, ಬೇಡ ಎನ್ನಿ. ನೀರು ಹೆಚ್ಚಾದಷ್ಟೂ ಕಾಂಕ್ರೀಟ್ ಬಡವಾಗುತ್ತದೆ. ಕೊಂಡಿಗೆ 20 ಎಂಎಂ ರಾಡು, ಬಾರ್ ಬೆಂಡಿಂಗ್ ಮಾಡುವವರ ಹತ್ತಿರ ಯು ಆಕಾರಕ್ಕೆ ಬಗ್ಗಿಸಿದ್ದು. ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿದರೆ ರಾಡಿನ ಕಸುವು ಹೋಗುತ್ತದೆ. ಎರಡು ಕಾಲುಗಳೂ ಒಂದಡಿ ಕೆಳಗಿಳಿದು ತುದಿಯಲ್ಲಿ ಹೊರಕ್ಕೆ ಬಾಗಿರಬೇಕು, ಅವಕ್ಕೆ ಅಡ್ಡಲಾಗಿ 12 ಎಂಎಂ ರಾಡಿನ ಎರಡು ತುಂಡು ಕಟ್ಟಿರಬೇಕು. ಗಟ್ಟಿಯಾದ ಮೇಲೆ ಈ ದಿಮ್ಮಿ 230 ಕೆಜಿಯ ಆಸುಪಾಸು ತೂಗುತ್ತದೆ. ಕೊಂಡಿಯ ತಲೆ ನೆಲಕ್ಕಿಂತ ಮೇಲೆ ಎದ್ದಿದ್ದರೆ ಮನೆಯವರು ಎಡವುತ್ತಾರೆ. ಅದಕ್ಕೆ ಕೊಂಡಿಯ ಸುತ್ತ ನಾಲ್ಕು ಇಂಚು ಆಳದ ಬಟ್ಟಲಿನಂತೆ ತಗ್ಗು ಬಿಡಿಸಿ, ನೀರು ಹರಿದು ಹೋಗಲು ಒಂದು ಬದಿಯಲ್ಲಿ ಸಣ್ಣ ಕಾಲುವೆ ಕೊರೆಸಿ. ಸುರಿಯುವ ಮೊದಲೇ ನಿಮ್ಮ ಸರಪಳಿ ಕೊಂಡಿಯೊಳಗೆ ತೂರುತ್ತದೆಯೇ ನೋಡಿಕೊಳ್ಳಿ. ಏಳು ದಿನ ಗೋಣಿಚೀಲ ಹೊದಿಸಿ ನೀರು ಹಾಕಿ, ಅಲ್ಲಿಯವರೆಗೆ ಅದಕ್ಕೆ ಏನನ್ನೂ ಕಟ್ಟಬೇಡಿ.

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಈ ಕೆಲಸಕ್ಕೆ ಸಂಘದ ಲಿಖಿತ ಒಪ್ಪಿಗೆ ಬೇಕು. ಕೆಲವು ಕಟ್ಟಡಗಳ ಸ್ಲ್ಯಾಬಿನೊಳಗೆ ಬಿಗಿದೆಳೆದ ಉಕ್ಕಿನ ಹುರಿಗಳಿರುತ್ತವೆ, ಡ್ರಿಲ್ ಅದಕ್ಕೆ ತಾಗಿದರೆ ಅಪಾಯ. ಅಲ್ಲಿ ಕಾಲಂಗೆ ಸರಪಳಿ ಸುತ್ತಿ ಬರುವಷ್ಟು ಉದ್ದದ್ದು ಕೊಳ್ಳುವುದೇ ವಾಸಿ.

ಡಿಸ್ಕ್ ಲಾಕ್

ಕೊಳ್ಳುವ ಮೊದಲು ಡಿಸ್ಕಿನ ತೂತಿನ ಅಳತೆ ತೆಗೆದುಕೊಳ್ಳಿ, ಡ್ರಿಲ್ ಬಿಟ್ಟುಗಳನ್ನು ಒಂದೊಂದಾಗಿ ತೂರಿಸಿ ನೋಡಿದರೆ ಸಾಕು. ದಪ್ಪ ಪಿನ್ನಿನ ಲಾಕ್ ಗಟ್ಟಿ ನಿಜ, ಸಣ್ಣ ಬೈಕುಗಳ ಡಿಸ್ಕಿಗೆ ಅದು ಹೋಗುವುದೇ ಇಲ್ಲ. ಲಾಕನ್ನು ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಬ್ರೇಕಿನ ಭಾಗ) ಕೆಳಗೆ, ಅದಕ್ಕೆ ತಾಗಿಯೇ ಹಾಕಿ. ಕ್ಯಾಲಿಪರ್ ಫೋರ್ಕಿನ ಹಿಂಬದಿಯಲ್ಲಿರುವ ಗಾಡಿಗಳಲ್ಲಿ, ಮುಂದಕ್ಕೆ ಉರುಳಿದಾಗ ಡಿಸ್ಕಿನ ಆ ಭಾಗ ಮೇಲಕ್ಕೆ ಹೋಗುವುದರಿಂದ ಲಾಕ್ ಕೂಡಲೇ ಕ್ಯಾಲಿಪರಿಗೆ ತಡೆದು ನಿಲ್ಲುತ್ತದೆ. ದೂರ ಹಾಕಿದರೆ ಚಕ್ರಕ್ಕೆ ಅರ್ಧ ಸುತ್ತು ವೇಗ ಸಿಗುತ್ತದೆ, ಆಮೇಲೆ ಬಡಿಯುವ ಪೆಟ್ಟಿಗೆ ಡಿಸ್ಕೂ ಬಾಗಬಹುದು. 2019ರ ಏಪ್ರಿಲ್ ನಂತರ 125 ಸಿಸಿಗೆ ಮೇಲ್ಪಟ್ಟ ಎಲ್ಲ ಹೊಸ ಬೈಕುಗಳಿಗೂ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ, ಬಂದಿದೆ. ಡಿಸ್ಕಿನ ಒಳಬದಿಯಲ್ಲಿ ಹಲ್ಲುಹಲ್ಲಾದ ಒಂದು ತೆಳು ಉಂಗುರ, ಪಕ್ಕದಲ್ಲಿ ಸೆನ್ಸರ್ ಇರುತ್ತದೆ, ಲಾಕಿನ ಮೈ ಅವಕ್ಕೆ ತಾಗಬಾರದು.

ಡಿಸ್ಕ್ ಲಾಕ್ ಹಾಕಿದವರನ್ನೇ ಬೀಳಿಸುವುದು ಮರೆವು. ಬೆಳಿಗ್ಗೆ ಅವಸರದಲ್ಲಿ ಸ್ಟಾರ್ಟ್ ಮಾಡಿ ಕ್ಲಚ್ ಬಿಟ್ಟರೆ ಮುಂದಿನ ಚಕ್ರ ಕಚ್ಚಿ ಗಾಡಿ ಪಕ್ಕಕ್ಕೆ ಒರಗುತ್ತದೆ, ಕ್ಯಾಲಿಪರ್, ಮಡ್‌ಗಾರ್ಡ್ ಎರಡೂ ಹೋಗುತ್ತವೆ. ಲಾಕಿನಿಂದ ಬ್ರೇಕ್ ಲಿವರ್‌ವರೆಗೆ ಕಟ್ಟುವ ಬಣ್ಣದ ಸುರುಳಿ ಹುರಿ ಸಿಗುತ್ತದೆ. ಅದಿಲ್ಲದೆ ಡಿಸ್ಕ್ ಲಾಕ್ ಬಳಸಲೇಬೇಡಿ. ಡ್ರಮ್ ಬ್ರೇಕಿನ ಗಾಡಿಗಳಿಗೆ ಯು-ಲಾಕನ್ನು ಅಲಾಯ್ ಚಕ್ರದ ಕಡ್ಡಿ ಮತ್ತು ಸ್ವಿಂಗ್ ಆರ್ಮಿನ ನಡುವೆ ಹಾಕಬಹುದು.

ಗುಟ್ಟಿನ ಸ್ವಿಚ್

ಇದು ಅಗ್ಗ, ಸರಿಯಾಗಿ ಹಾಕಿದರೆ ಬಹಳ ಪರಿಣಾಮಕಾರಿ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಪೆಟ್ರೋಲ್ ಪಂಪ್ ಬಂದಿದೆ. ಆ ಪಂಪಿನ ವೈರಿನ ನಡುವೆ ಒಂದು ಸ್ವಿಚ್ ಕೂರಿಸಿದರೆ, ಬೀಗ ಮುರಿದು ವೈರ್ ಡೈರೆಕ್ಟ್ ಮಾಡಿದರೂ ಎಂಜಿನ್ ನಡೆಯದು. ಪೈಪಿನಲ್ಲಿ ಉಳಿದ ಒತ್ತಡಕ್ಕೆ ಒಂದೆರಡು ಕ್ಷಣ ಗುರ್ರೆಂದು ನಿಂತುಬಿಡುತ್ತದೆ, ಕೆಟ್ಟುನಿಂತ ಗಾಡಿಯಂತೆಯೇ ಕಾಣುತ್ತದೆ.

ಪಂಪಿಗೆ ಕೆಲವು ಆಂಪಿಯರ್ ಹರಿಯುತ್ತದೆ, ಆದ್ದರಿಂದ ಸ್ವಿಚ್ 10 ಆಂಪಿಯರಿನದ್ದು, ನೀರು ಹೊಗದಂಥದ್ದು ಇರಬೇಕು. ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ರಬ್ಬರ್ ಟೋಪಿಯ ಟಾಗಲ್ ಸ್ವಿಚ್ ಕೇಳಿ. ವೈರು 1 ಚದರ ಎಂಎಂಗೆ ಕಡಿಮೆ ಬೇಡ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಆಮೇಲೆ ಕೆಲಸ ಶುರು ಮಾಡಿ. ವೈರಿಂಗ್ ನಕ್ಷೆ ನೋಡಿ ಪಂಪಿನ ವೈರಿನ ಬಣ್ಣ ಖಾತ್ರಿ ಮಾಡಿಕೊಳ್ಳದೆ ಕತ್ತರಿ ಆಡಿಸಬೇಡಿ. ಗಾಡಿ ವಾರಂಟಿಯಲ್ಲಿದ್ದರೆ ಮೂಲ ವೈರನ್ನು ಕತ್ತರಿಸಲೇಬೇಡಿ. ಅದೇ ಅಳತೆಯ ಗಂಡು-ಹೆಣ್ಣು ಕಪ್ಲರ್ ತಂದು ನಡುವೆ ಸೇರಿಸಿದರೆ ಬೇಕೆಂದಾಗ ತೆಗೆಯಬಹುದು. ಕೀಲನ್ನು ಬೆಸುಗೆ ಹಾಕಿ ಹೀಟ್ ಶ್ರಿಂಕ್ (ಬಿಸಿಗೆ ಮುದುಡಿ ಬಿಗಿಯುವ ಕೊಳವೆ) ತೊಡಿಸಿ. ಬರೀ ಇನ್ಸುಲೇಷನ್ ಟೇಪು ಎಂಜಿನ್ ಬಿಸಿಗೆ ಅಂಟು ಬಿಟ್ಟು ಜಾರುತ್ತದೆ, ಮೊದಲ ಮಳೆಗೇ ಕೀಲು ಹಸಿರುಗಟ್ಟುತ್ತದೆ.

ಸ್ವಿಚ್ ಎಲ್ಲಿಡಬೇಕು ಎಂಬುದರಲ್ಲಿ ಒಂದು ಜೀವದ ಪ್ರಶ್ನೆಯೂ ಇದೆ. ಮೊಣಕಾಲಿಗೆ, ಬ್ಯಾಗಿನ ಪಟ್ಟಿಗೆ, ಹಿಂದೆ ಕೂತವರ ಕಾಲಿಗೆ ತಾಗುವ ಕಡೆ ಇಟ್ಟರೆ ಹೆಬ್ಬಾಳದ ಮೇಲ್ಸೇತುವೆಯ ನಡುವೆ ಎಂಜಿನ್ ಆಫ್ ಆಗುತ್ತದೆ, ಹಿಂದೆ ಬಸ್ಸಿರುತ್ತದೆ. ಗುಂಡಿಯ ಕುಲುಕಾಟಕ್ಕೆ ಬೀಳದಂಥ ಬಿಗಿ ಸ್ವಿಚ್ ಆರಿಸಿ, ಕೈ ತಡಕಿದರೆ ಮಾತ್ರ ಸಿಗುವ ಒಳಮೂಲೆಯಲ್ಲಿ ಕೂರಿಸಿ. ಸರ್ವಿಸಿಗೆ ಬಿಡುವಾಗ ಆನ್ ಮಾಡಿಯೇ ಬಿಡಿ, ಜಾಗ ಹೇಳಬೇಡಿ.

ಅಲಾರಂ

ಕಿಟ್ಟಿನಲ್ಲಿ ಒಂದು ಪೆಟ್ಟಿಗೆ, ಒಂದು ಸೈರನ್, ಎರಡು ರಿಮೋಟ್, ಐದಾರು ವೈರು ಇರುತ್ತವೆ. ವೈರಿನ ಬಣ್ಣ ತಯಾರಕರಿಂದ ತಯಾರಕರಿಗೆ ಬೇರೆ, ಬೇರೆಯವರ ವಿಡಿಯೋ ನೋಡಿ ಜೋಡಿಸಬೇಡಿ. ಮಲ್ಟಿಮೀಟರ್ ಹಿಡಿದು ನೋಡಿ: ಕೀ ಆಫ್ ಇದ್ದಾಗಲೂ 12 ವೋಲ್ಟ್ ಇರುವುದು ಬ್ಯಾಟರಿಯ ನೇರ ವೈರು, ಕೀ ಆನ್ ಮಾಡಿದಾಗ ಮಾತ್ರ 12 ತೋರಿಸುವುದು ಇಗ್ನಿಷನ್ ವೈರು. ಬ್ಯಾಟರಿಯಿಂದ ಬರುವ ವೈರಿಗೆ ಬ್ಯಾಟರಿಯ ಹತ್ತಿರವೇ 5 ಆಂಪಿಯರ್ ಫ್ಯೂಸ್ ಹಾಕಿ. ಎಷ್ಟೋ ಕಿಟ್ಟುಗಳಲ್ಲಿ ರಿಮೋಟಿನಿಂದಲೇ ಸ್ಟಾರ್ಟ್ ಮಾಡುವ ವೈರೂ ಇರುತ್ತದೆ. ಅದನ್ನು ಜೋಡಿಸಬೇಡಿ, ತುದಿಗೆ ಟೇಪು ಸುತ್ತಿ ಮಡಚಿಡಿ. ಗೇರಿನಲ್ಲಿ ಬಿಟ್ಟ ಗಾಡಿ ಜೇಬಿನ ರಿಮೋಟ್ ಅದುಮಿದ್ದಕ್ಕೆ ಮುಂದೆ ಹಾರಿ ಮಕ್ಕಳ ಮೇಲೆ ಬೀಳಬಹುದು. ಸೈರನ್ನಿನ ಬಾಯಿ ಕೆಳಗೆ ಮಾಡಿ ಕೂರಿಸಿ, ನೀರು ನಿಲ್ಲದಿರಲಿ.

ಅಲಾರಂ ಹಾಳಾಗುವುದು ಬಹುತೇಕ ಎರಡು ಕಾರಣಕ್ಕೆ. ಮೊದಲನೆಯದು ಸೂಕ್ಷ್ಮತೆ ಅತಿಯಾಗುವುದು. ಲಾರಿ ಹೋದರೆ, ಬೆಕ್ಕು ಸೀಟಿಗೆ ಹಾರಿದರೆ, ದೀಪಾವಳಿಯ ಪಟಾಕಿಗೆ, ಎಲ್ಲಕ್ಕೂ ಕೂಗುತ್ತದೆ. ಪಕ್ಕದ ಮನೆಯವರು ಎರಡು ರಾತ್ರಿ ಸಹಿಸಿ ಮೂರನೆಯ ದಿನ ಬಾಗಿಲು ತಟ್ಟುತ್ತಾರೆ, ನೀವು ಅಲಾರಂ ಆಫ್ ಮಾಡುತ್ತೀರಿ. ಸೀಟಿನ ಮೇಲೆ ಅಂಗೈಯಿಂದ ತಟ್ಟಿದರೆ ಸುಮ್ಮನಿರಬೇಕು, ಸೈಡ್ ಸ್ಟ್ಯಾಂಡಿನಿಂದ ನೆಟ್ಟಗೆ ಮಾಡಿದರೆ ಕೂಗಬೇಕು, ಅಲ್ಲಿಗೆ ಸೂಕ್ಷ್ಮತೆಯ ತಿರುಪು ನಿಲ್ಲಿಸಿ.

ಎರಡನೆಯದು ಬ್ಯಾಟರಿ. ಅಲಾರಂ ಎಚ್ಚರವಾಗಿರಲು ಸದಾ ಸ್ವಲ್ಪ ಕರೆಂಟ್ ಕುಡಿಯುತ್ತದೆ. ಅಳೆಯಲು ಮೀಟರನ್ನು 10 ಆಂಪಿಯರ್ ಗುರುತಿಗೆ ಇಟ್ಟು ಬ್ಯಾಟರಿಯ ನೆಗೆಟಿವ್ ತುದಿ ಮತ್ತು ವೈರಿನ ನಡುವೆ ಸೇರಿಸಿ, ಕೀ ಮುಟ್ಟಬೇಡಿ. 10 ಮಿಲಿಆಂಪಿಯರ್ ತೋರಿಸಿದರೆ ದಿನಕ್ಕೆ 240 ಮಿಲಿಆಂಪಿಯರ್-ಅವರ್ ಖರ್ಚು. 4 ಆಂಪಿಯರ್-ಅವರಿನ ಬ್ಯಾಟರಿಯ ಅರ್ಧ ಎಂಟು ದಿನದಲ್ಲಿ ಖಾಲಿ. 20 ಇದ್ದರೆ ನಾಲ್ಕೇ ದಿನ. ದಸರಾ ರಜೆಗೆ ಊರಿಗೆ ಹೋದವರ ಬೈಕು ಮೌನವಾಗುವುದು ಹೀಗೆ. 5ಕ್ಕಿಂತ ಕಡಿಮೆ ಕುಡಿಯುವ ಕಿಟ್ ಒಳ್ಳೆಯದು. ವಾರಕ್ಕೂ ಮೀರಿ ಊರಲ್ಲಿ ಇರದಿದ್ದರೆ ಅಲಾರಂಗಿಂತ ನೆಲದ ಕೊಂಡಿಯನ್ನು ನಂಬಿ.

ಜಿಪಿಎಸ್ ಟ್ರ್ಯಾಕರನ್ನು ಸೀಟಿನ ಪ್ಲಾಸ್ಟಿಕ್ ಕೆಳಗೆ, ಆಂಟೆನಾ ಬದಿ ಆಕಾಶಕ್ಕಿರುವಂತೆ ಇಡಿ. ಪೆಟ್ರೋಲ್ ಟ್ಯಾಂಕಿನ ಕೆಳಗೆ ಲೋಹ ಅಡ್ಡ ಬರುತ್ತದೆ, ಬೇಸ್‌ಮೆಂಟಿನಲ್ಲಿ ಉಪಗ್ರಹದ ಸಂಕೇತ ಸಿಗುವುದಿಲ್ಲ. ಸಿಮ್ ರೀಚಾರ್ಜ್ ಮುಗಿದ ಟ್ರ್ಯಾಕರ್ ಬರೀ ಪೆಟ್ಟಿಗೆ, ಮುಗಿಯುವ ತಾರೀಖನ್ನು ಫೋನಿನ ಕ್ಯಾಲೆಂಡರಿಗೆ ಹಾಕಿ. ಓಡುತ್ತಿರುವಾಗ ಎಂಜಿನ್ ನಿಲ್ಲಿಸುವ ಸೌಲಭ್ಯವನ್ನು ಬಳಸಬೇಡಿ, ಕಳ್ಳನಾದರೂ ಹಿಂದಿನ ವಾಹನದ ಕೆಳಗೆ ಬೀಳುವುದು ಮನುಷ್ಯನೇ.

ಕಾಗದ, ವಿಮೆ

2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಯ ವಿಮೆ, ಕಡ್ಡಾಯ. ಪಾಲಿಸಿಯ ಮೇಲೆ ಐದು ವರ್ಷ ಎಂದಿರುವುದನ್ನು ನೋಡಿ ಎಲ್ಲಕ್ಕೂ ವಿಮೆ ಇದೆ ಎಂದು ಎಷ್ಟೋ ಜನ ನಂಬಿರುತ್ತಾರೆ. ಕಳವಿಗೆ ಹಣ ಕೊಡುವುದು ಸ್ವಂತ ಗಾಡಿಯ ನಷ್ಟ ನೋಡುವ ಓನ್ ಡ್ಯಾಮೇಜ್ ಭಾಗ, ಅದು ಎಷ್ಟೋ ಪಾಲಿಸಿಗಳಲ್ಲಿ ಒಂದೇ ವರ್ಷಕ್ಕೆ ಮುಗಿಯುತ್ತದೆ. ಇವತ್ತೇ ಪಾಲಿಸಿ ತೆಗೆದು ಆ ಸಾಲಿನ ತಾರೀಖು ನೋಡಿ. ಸಿಗುವ ಮೊತ್ತ ಐಡಿವಿಯಷ್ಟು, ಅಂದರೆ ಹೊಸ ಗಾಡಿಯ ಬೆಲೆಯಲ್ಲಿ ಸವಕಳಿ ಕಳೆದಷ್ಟು: ಆರು ತಿಂಗಳೊಳಗಿನ ಗಾಡಿಗೆ ಶೇ. 5 ಕಳೆದು, ಒಂದರಿಂದ ಎರಡು ವರ್ಷದ್ದಕ್ಕೆ ಶೇ. 20, ನಾಲ್ಕರಿಂದ ಐದು ವರ್ಷದ್ದಕ್ಕೆ ಶೇ. 50 ಕಳೆದು ಲೆಕ್ಕ. ಕ್ಲೇಮಿನ ವೇಳೆ ಎರಡೂ ಮೂಲ ಕೀಗಳನ್ನು ಕೇಳುತ್ತಾರೆ, ಎರಡನೆಯದನ್ನು ಈಗಲೇ ಹುಡುಕಿಡಿ. ಚಾಸಿ ನಂಬರು, ಎಂಜಿನ್ ನಂಬರು, ಗೀರು, ಸ್ಟಿಕ್ಕರುಗಳ ಫೋಟೋ ತೆಗೆದಿಡಿ. ಆರ್‌ಸಿಯ ಮೂಲಪ್ರತಿ ಸೀಟಿನ ಕೆಳಗೆ ಇಡಬೇಡಿ.

ಹೋದರೆ

ಮೊದಲು 112ಕ್ಕೆ ಕರೆ ಮಾಡಿ. ಆಮೇಲೆ ಹತ್ತಿರದ ಠಾಣೆ. ಜಾಗ ತಮ್ಮ ವ್ಯಾಪ್ತಿಗೆ ಬರದಿದ್ದರೂ ಝೀರೋ ಎಫ್‌ಐಆರ್ ದಾಖಲಿಸಬೇಕು. ಈಗ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 303(2). ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ರ ಪ್ರಕಾರ ಆನ್‌ಲೈನಿನಲ್ಲೂ ದೂರು ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಅದೇ ದಿನ ವಿಮಾ ಕಂಪನಿಗೂ ಆರ್‌ಟಿಒಗೂ ಬರಹದಲ್ಲಿ ತಿಳಿಸಿ, ಸಾಲವಿದ್ದರೆ ಬ್ಯಾಂಕಿಗೂ. ಗಾಡಿ ಸಿಗದಿದ್ದರೆ ಪತ್ತೆಯಾಗಲಿಲ್ಲ ಎಂದು ಪೊಲೀಸರು ಕೊಡುವ ಸಿ ರಿಪೋರ್ಟ್ ಬಂದ ಮೇಲೆ ಕ್ಲೇಮ್ ಮುಂದೆ ಹೋಗುತ್ತದೆ. ಟ್ರ್ಯಾಕರ್ ಜಾಗ ತೋರಿಸಿದರೂ ನೀವೇ ನುಗ್ಗಬೇಡಿ, ಆ ಲಿಂಕನ್ನು ಪೊಲೀಸರಿಗೆ ಕಳಿಸಿ.

ಗಾಡಿ ಸಿಕ್ಕಿದರೆ ಅದು ಮೊದಲು ಜಪ್ತಿಯಾಗುತ್ತದೆ, ಬಿಡಿಸಿಕೊಳ್ಳಲು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಆರ್‌ಸಿ, ವಿಮೆ, ಗುರುತಿನ ಚೀಟಿ, ಬಾಂಡ್ ಬೇಕಾಗುತ್ತವೆ. ಅಂಗಳಕ್ಕೆ ಬಂದ ಗಾಡಿಯನ್ನು ಹಾಗೇ ಓಡಿಸಬೇಡಿ. ಇಗ್ನಿಷನ್ ಲಾಕ್ ಸೆಟ್ ಪೂರ್ತಿ ಬದಲಿಸಿ, ಹೆಡ್‌ಲೈಟ್ ಹಿಂದಿನ ಕಪ್ಲರ್ ಬಿಚ್ಚಿ ಸುಲಿದ ವೈರುಗಳಿವೆಯೇ ನೋಡಿ, ಹ್ಯಾಂಡಲ್ಲನ್ನು ಎರಡೂ ಕೊನೆಗೆ ತಿರುಗಿಸಿ ಕುತ್ತಿಗೆಯ ಬೇರಿಂಗ್ ಕಚ್ಚುತ್ತದೆಯೇ ಪರೀಕ್ಷಿಸಿ. ಒದ್ದ ಪೆಟ್ಟಿಗೆ ಅಲ್ಲಿ ಬಿರುಕು ಬಿಟ್ಟಿದ್ದರೆ ಮೊದಲ ಬ್ರೇಕಿಗೇ ತಿಳಿಯುತ್ತದೆ.